ಹಳೆಯ ನಿಲ್ದಾಣದ ಬಣ್ಣಕ್ಕೆ ಸಾಕ್ಷಿ ಯಾರು?

ರೈಲು ನಿಲ್ದಾಣವೊಂದರ ಕಿರುಮಾದರಿಯನ್ನು ಕಟ್ಟುವವರಿಗೆ ಅಳತೆಗಳು ದೊರೆಯುವುದು ಅಷ್ಟು ಕಷ್ಟವಲ್ಲ. ಕಟ್ಟಡ ಇನ್ನೂ ನಿಂತಿದ್ದರೆ ಅಳೆಯಬಹುದು. ಬಿದ್ದುಹೋಗಿದ್ದರೆ ಹಳೆಯ ನಕ್ಷೆಯನ್ನು ಹುಡುಕಬಹುದು. ನಕ್ಷೆಯೂ ಸಿಗದಿದ್ದರೆ ಛಾಯಾಚಿತ್ರದಲ್ಲಿ ಇಟ್ಟಿಗೆಯ ಸಾಲುಗಳನ್ನು ಎಣಿಸಿ ಗೋಡೆಯ ಎತ್ತರವನ್ನು ಲೆಕ್ಕ ಹಾಕಬಹುದು. ರಟ್ಟು, ಮರದ ಚಕ್ಕೆ, ಅಂಟು ಇವಿಷ್ಟರಿಂದ ಗೋಡೆ, ಮಾಡು, ಕಿಟಕಿ, ಪ್ಲಾಟ್‌ಫಾರ್ಮು ಎಲ್ಲವೂ ಎದ್ದು ನಿಲ್ಲುತ್ತವೆ. ಕೊನೆಗೆ ಕುಂಚವನ್ನು ಕೈಗೆತ್ತಿಕೊಂಡಾಗ ಸುಲಭದ ಉತ್ತರವಿಲ್ಲದ ಪ್ರಶ್ನೆಯೊಂದು ಎದುರಾಗುತ್ತದೆ: ಆ ನಿಲ್ದಾಣದ ಬಾಗಿಲು ತೊಂಬತ್ತು ವರ್ಷಗಳ ಹಿಂದೆ ಯಾವ ಬಣ್ಣದ್ದಾಗಿತ್ತು?

ಕಟ್ಟಡದ ಭಾಗಗಳಲ್ಲೆಲ್ಲ ಅತ್ಯಂತ ತೆಳುವಾದುದು ಬಣ್ಣ. ಕೆಲವು ವರ್ಷಗಳಿಗೊಮ್ಮೆ ಅದರ ಮೇಲೆ ಇನ್ನೊಂದು ಬಣ್ಣ ಬೀಳುತ್ತದೆ. ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದೂ ಅದೇ, ಎಲ್ಲಕ್ಕಿಂತ ಮೊದಲು ಕಳೆದುಹೋಗುವುದೂ ಅದೇ. ಕಳೆದುಹೋದ ಬಣ್ಣವನ್ನು ಮರಳಿ ಪಡೆಯುವ ಕೆಲಸ ಹೊರನೋಟಕ್ಕೆ ಮಕ್ಕಳಾಟದಂತೆ ಕಂಡರೂ ಅದರ ಕ್ರಮ ನ್ಯಾಯಾಲಯದ ವಿಚಾರಣೆಗೆ ಹತ್ತಿರವಾದುದು. ಸಾಕ್ಷಿಗಳು ಹಲವರು, ಒಬ್ಬೊಬ್ಬರ ಹೇಳಿಕೆಯೂ ಒಂದೊಂದು ಬಗೆ. ಯಾರನ್ನು ಎಷ್ಟು ನಂಬಬೇಕೆಂಬುದೇ ಇಲ್ಲಿನ ಪ್ರಶ್ನೆ.

ಪೆಂಡನ್ನಿನ ಪಾಠ

ಈ ಕೆಲಸವನ್ನು ಗಂಭೀರವಾಗಿ ಕೈಗೊಂಡವರಲ್ಲಿ ಇಂಗ್ಲೆಂಡಿನವರು ಮುಂದಿದ್ದಾರೆ. ಆಕ್ಸ್‌ಫರ್ಡ್‌ಶೈರ್ ಪ್ರಾಂತದ ಲಾಂಗ್ ವಿಟನಮ್ ಎಂಬ ಹಳ್ಳಿಯಲ್ಲಿ ಪೆಂಡನ್ ಎಂಬ ವಸ್ತುಸಂಗ್ರಹಾಲಯವಿದೆ. ಅದನ್ನು 1954ರಲ್ಲಿ ಸ್ಥಾಪಿಸಿದವರು ರಾಯ್ ಇಂಗ್ಲೆಂಡ್. ಆಸ್ಟ್ರೇಲಿಯಾದಿಂದ ಬಂದ ಈ ತರುಣ ವೇಲ್ ಆಫ್ ವೈಟ್ ಹಾರ್ಸ್ ಎಂಬ ಕಣಿವೆಯ ಹಳ್ಳಿಗಳನ್ನು ಕಂಡು ಮನಸೋತರು. ಆದರೆ ಹುಲ್ಲುಮಾಡಿನ ಹಳೆಯ ಮನೆಗಳು ಕಣ್ಣೆದುರಿಗೇ ಒಂದೊಂದಾಗಿ ರೂಪ ಬದಲಿಸುತ್ತಿದ್ದವು. ಅವುಗಳನ್ನು ಉಳಿಸುವ ಶಕ್ತಿ ಅವರಿಗಿರಲಿಲ್ಲ, ದಾಖಲಿಸುವ ತಾಳ್ಮೆಯಿತ್ತು. 1920 ಮತ್ತು 1930ರ ದಶಕಗಳ ಆ ಕಣಿವೆಯನ್ನು ಒಂದು ಅಡಿಗೆ ನಾಲ್ಕು ಮಿಲಿಮೀಟರಿನಂತೆ, ಅಂದರೆ ಎಪ್ಪತ್ತಾರನೆಯ ಒಂದು ಪಾಲಿಗೆ ಇಳಿಸಿ ಮರುಕಟ್ಟುವ ಕೆಲಸವನ್ನು ಅವರೂ ಅವರ ಜೊತೆಗೂಡಿದ ಸ್ವಯಂಸೇವಕರೂ ಆರಂಭಿಸಿದರು. ಅದು ಇಂದಿಗೂ ಮುಂದುವರಿದಿದೆ. ಗೋಡೆಗಳು ರಟ್ಟಿನವು, ಅವುಗಳ ಮೇಲಿನ ಇಟ್ಟಿಗೆ-ಕಲ್ಲುಗಳಿಗೆ ಜಲವರ್ಣ, ಹುಲ್ಲುಮಾಡಿಗೆ ನಲ್ಲಿ ಕೆಲಸದವರು ಬಳಸುವ ಸೆಣಬಿನ ನಾರು.

ಅಲ್ಲಿ ಪಾಲಿಸುವ ನಿಯಮ ಸರಳ: ಚೆಂದವಾಗಿ ಕಾಣುವುದನ್ನಲ್ಲ, ಇದ್ದುದನ್ನು ತೋರಿಸಬೇಕು. ಈ ಒಂದು ನಿಯಮದಿಂದ ಆಟಿಕೆಯಾಗಬಹುದಾಗಿದ್ದ ವಸ್ತು ಇತಿಹಾಸದ ಆಕರವಾಗುತ್ತದೆ. ಇಂತಹದೇ ಉದ್ದೇಶದಿಂದ 1950ರಲ್ಲಿ ಬ್ರಿಟನ್ನಿನಲ್ಲಿ ಐತಿಹಾಸಿಕ ರೈಲು ಮಾದರಿಗಾರರ ಸಂಘವೊಂದು ಹುಟ್ಟಿತು. ಹಳೆಯ ರೈಲು ಕಂಪನಿಗಳ ಬಣ್ಣಗಳನ್ನು ದಾಖಲೆಗಳಿಂದ ಕಲೆಹಾಕಿ ಪುಸ್ತಕರೂಪದಲ್ಲಿ ಪ್ರಕಟಿಸುವುದು ಅದರ ಕೆಲಸಗಳಲ್ಲೊಂದು.

ಮೊದಲ ಸಾಕ್ಷಿ: ಕಾಗದಪತ್ರ

ಪೆಂಡನ್ನಿನ ಕಣಿವೆಯಲ್ಲಿ ಹಾದುಹೋಗುವುದು ಗ್ರೇಟ್ ವೆಸ್ಟರ್ನ್ ರೈಲ್ವೆ. 1835ರಲ್ಲಿ ಸ್ಥಾಪನೆಯಾದ ಈ ಕಂಪನಿ 1948ರ ಜನವರಿ 1ರಂದು ರಾಷ್ಟ್ರೀಕರಣವಾಗುವವರೆಗೂ ನಡೆಯಿತು. ತನ್ನ ನಿಲ್ದಾಣಗಳ ಮರ ಮತ್ತು ಕಬ್ಬಿಣದ ಭಾಗಗಳಿಗೆ ಅದು ಬಳಸುತ್ತಿದ್ದ ಬಣ್ಣಗಳ ಹೆಸರು ‘ತಿಳಿ ಕಲ್ಲುಬಣ್ಣ’ ಮತ್ತು ‘ಕಡು ಕಲ್ಲುಬಣ್ಣ’. ಹೆಸರು ದೊರೆತ ಮೇಲೆ ವಿಚಾರಣೆ ಮುಗಿಯಿತೆಂದು ತೋರಬಹುದು. ನಿಜವಾಗಿ ಅದು ಆರಂಭವಾಗುವುದೇ ಅಲ್ಲಿಂದ. ಯಾವ ಊರಿನ ಕಲ್ಲು? ಒಣಗಿದ ಕಲ್ಲೋ, ಮಳೆಯಲ್ಲಿ ನೆನೆದ ಕಲ್ಲೋ?

ಹೆಸರು ಬಣ್ಣವಲ್ಲ. ಕನ್ನಡದ ಮನೆಗಳಲ್ಲೇ ಇದನ್ನು ಪರೀಕ್ಷಿಸಬಹುದು. ‘ಕಾವಿ’ ಎಂದೊಡನೆ ಒಬ್ಬರ ಕಣ್ಣಿಗೆ ಗುಡಿಯ ಗೋಡೆಯ ಕೆಮ್ಮಣ್ಣಿನ ಪಟ್ಟೆ ಬರುತ್ತದೆ. ಇನ್ನೊಬ್ಬರ ಕಣ್ಣಿಗೆ ಸನ್ಯಾಸಿಯ ಬಟ್ಟೆ. ಎರಡೂ ಕಾವಿಯೇ, ಆದರೆ ಒಂದೇ ಬಣ್ಣವಲ್ಲ.

ರೈಲಿನ ಇತಿಹಾಸದಲ್ಲಿ ಇದಕ್ಕಿರುವ ಪ್ರಸಿದ್ಧ ನಿದರ್ಶನ ವಿಲಿಯಂ ಸ್ಟ್ರೌಡ್ಲಿಯದು. 1870ರಿಂದ 1889ರಲ್ಲಿ ತೀರಿಕೊಳ್ಳುವವರೆಗೆ ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಎಂಜಿನುಗಳ ಮುಖ್ಯಾಧಿಕಾರಿಯಾಗಿದ್ದ ಆತ ತನ್ನ ಎಂಜಿನುಗಳಿಗೆ ಬಳಿಸಿದ ಬಣ್ಣದ ಹೆಸರು ‘ಸುಧಾರಿತ ಎಂಜಿನ್ ಹಸಿರು’. ಹೆಸರನ್ನು ಮಾತ್ರ ಓದಿದವರು ಎಂಜಿನಿಗೆ ಹಸಿರು ಬಳಿದುಬಿಟ್ಟಾರು. ಆದರೆ ಆ ಬಣ್ಣ ಹಸಿರೇ ಅಲ್ಲ. ಹೊನ್ನಿನ ಛಾಯೆಯ ಹಳದಿ. ಯಾರ್ಕ್ ನಗರದ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿರುವ ‘ಗ್ಲ್ಯಾಡ್‌ಸ್ಟನ್’ ಎಂಜಿನನ್ನು ಇಂದಿಗೂ ಆ ಬಣ್ಣದಲ್ಲಿ ನೋಡಬಹುದು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬುದು ನಮ್ಮ ಗಾದೆ. ಇಲ್ಲಿ ಹಳದಿಗೇ ಹಸಿರೆಂಬ ಹೆಸರು ಬಿದ್ದಿತ್ತು. ಸ್ಟ್ರೌಡ್ಲಿಗೆ ಬಣ್ಣಗುರುಡಿತ್ತೆಂಬ ಮಾತೂ ಹುಟ್ಟಿಕೊಂಡಿತು. ಕಾರಣ ಏನೇ ಇರಲಿ, ಪಾಠ ಸ್ಪಷ್ಟ: ದಾಖಲೆಯಲ್ಲಿ ಬರೆದಿರುವುದು ಹೆಸರಿಗೆ ಸಾಕ್ಷ್ಯ, ಬಣ್ಣಕ್ಕಲ್ಲ.

ಕಾಗದದಲ್ಲಿ ಬೆರಕೆಯ ಪ್ರಮಾಣವಿದ್ದರೆ ಅದರ ಬೆಲೆ ಹೆಚ್ಚು. ಆ ಕಾಲದ ಕಲ್ಲುಬಣ್ಣಗಳು ಸಾಮಾನ್ಯವಾಗಿ ಸೀಸದ ಬಿಳಿಗೆ ಹಳದಿ ಅಥವಾ ಕಂದು ಮಣ್ಣುಬಣ್ಣಗಳನ್ನು ಬೆರೆಸಿ, ಅಗಸೆ ಎಣ್ಣೆಯಲ್ಲಿ ಕಲಸಿದವು. ಆದರೆ ಡಬ್ಬಿ ತೆರೆದೊಡನೆ ಬಳಿಯುವ ಸಿದ್ಧಬಣ್ಣ ಬರುವ ಮೊದಲು ಕೆಲಸದ ಜಾಗದಲ್ಲೇ ಬೆರೆಸಿಕೊಳ್ಳುವುದು ರೂಢಿಯಲ್ಲಿತ್ತು. ಒಬ್ಬ ಪೇಂಟರನ ಕೈಯ ಬೆರಕೆ ಇನ್ನೊಬ್ಬನದಕ್ಕೆ ತುಸು ಬೇರೆಯಾಗದೆ ಇರುತ್ತಿರಲಿಲ್ಲ.

ಎರಡನೆಯ ಸಾಕ್ಷಿ: ಛಾಯಾಚಿತ್ರ

ಹಳೆಯ ಕಪ್ಪು-ಬಿಳುಪು ಚಿತ್ರದಲ್ಲಿ ಕಡುವಾಗಿ ಕಂಡದ್ದು ಕಡುಬಣ್ಣ, ಬೆಳ್ಳಗೆ ಕಂಡದ್ದು ತಿಳಿಬಣ್ಣ ಎಂದು ಭಾವಿಸುವುದು ಸಹಜ. ಈ ಭಾವನೆ ಎಷ್ಟೋ ಮಾದರಿಗಾರರನ್ನು ದಾರಿ ತಪ್ಪಿಸಿದೆ. ಆರಂಭಕಾಲದ ಛಾಯಾಫಲಕಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಕುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್ ಕೆಲವು ವರ್ಣದ್ರವ್ಯಗಳನ್ನು ಸೇರಿಸಿದರೆ ಫಲಕವು ಹಸಿರನ್ನೂ ಗ್ರಹಿಸಬಲ್ಲದೆಂದು ಕಂಡುಕೊಂಡ. ಕೆಂಪಿನವರೆಗೂ ಎಲ್ಲ ಬಣ್ಣಗಳನ್ನು ಗ್ರಹಿಸುವ ಫಲಕಗಳು ಮಾರಾಟಕ್ಕೆ ಬಂದದ್ದು 1906ರ ಸುಮಾರಿಗೆ. ಅವು ಎಲ್ಲೆಡೆ ಬಳಕೆಗೆ ಬರಲು ಇನ್ನೂ ಬಹುಕಾಲ ಹಿಡಿಯಿತು.

ಪರಿಣಾಮವೇನು? ಕೆಂಪು ಬೆಳಕು ಫಲಕವನ್ನು ತಾಕದಿದ್ದರೆ ಅಚ್ಚಾದ ಚಿತ್ರದಲ್ಲಿ ಆ ಜಾಗ ಕಪ್ಪಾಗಿ ಮೂಡುತ್ತದೆ. ಉಜ್ವಲ ಕೆಂಪಿನ ಬಾಗಿಲು ಕಪ್ಪಾಗಿ ಕಾಣುತ್ತದೆ; ಸಾಕಷ್ಟು ಗಾಢವಾದ ನೀಲಿಯ ಫಲಕ ತಿಳಿಯಾಗಿ ಕಾಣುತ್ತದೆ; ಹಳದಿ ತನ್ನ ಹೊಳಪನ್ನೆಲ್ಲ ಕಳೆದುಕೊಂಡು ಮಬ್ಬಾಗುತ್ತದೆ. ಇದರ ಜೊತೆಗೆ ಇನ್ನೊಂದು ತೊಡಕು: ಹೊಸ ಎಂಜಿನು ಸಿದ್ಧವಾದಾಗ ಅದರ ವಿವರಗಳು ಸ್ಪಷ್ಟವಾಗಿ ಮೂಡಲೆಂದು ಕಾರ್ಖಾನೆಯವರು ಅಧಿಕೃತ ಛಾಯಾಚಿತ್ರಕ್ಕಾಗಿಯೇ ಅದಕ್ಕೆ ಬೂದುಬಣ್ಣ ಬಳಿಯುತ್ತಿದ್ದರು. ಚಿತ್ರ ಸುಳ್ಳಲ್ಲ, ಆದರೆ ಆ ಬಣ್ಣದಲ್ಲಿ ಎಂಜಿನು ಒಂದು ದಿನವೂ ಗಾಡಿ ಎಳೆದಿರುವುದಿಲ್ಲ.

ಬಣ್ಣದ ಅಂಚೆಕಾರ್ಡುಗಳೂ ಇವೆ. ಅವುಗಳಲ್ಲಿ ಎಷ್ಟೋ ಕಪ್ಪು-ಬಿಳುಪು ಚಿತ್ರಕ್ಕೆ ಮುದ್ರಣಾಲಯದಲ್ಲಿ ಬಣ್ಣ ತುಂಬಿದವು. ಬಣ್ಣ ತುಂಬಿದವರು ಆ ಊರನ್ನು ಕಂಡೇ ಇರಲಿಲ್ಲವೆಂಬುದೂ ಅಪರೂಪವಲ್ಲ. ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಹಳೆಯ ಚಿತ್ರಕ್ಕೆ ಬಣ್ಣ ಬಳಿದು ಕೊಡುತ್ತದೆ. ಅದು ಕೂಡ ಬೇರೆ ಸಾವಿರಾರು ಚಿತ್ರಗಳನ್ನು ನೋಡಿ ಮಾಡಿದ ಊಹೆಯೇ. ನೋಡಲು ಹಿತ, ಸಾಕ್ಷ್ಯವಾಗಿ ಅದಕ್ಕೆ ಬೆಲೆಯಿಲ್ಲ.

ಹಾಗೆಂದು ಛಾಯಾಚಿತ್ರವನ್ನು ತಳ್ಳಿಹಾಕುವಂತಿಲ್ಲ. ಯಾವ ಬಣ್ಣವೆಂದು ಅದು ಹೇಳಲಾರದು, ಆದರೆ ಎಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಆರಂಭವಾಗುತ್ತದೆಂಬುದನ್ನು ಅದರಷ್ಟು ಖಚಿತವಾಗಿ ಬೇರಾರೂ ಹೇಳಲಾರರು. ಬಾಗಿಲಿನ ಚೌಕಟ್ಟು ಮತ್ತು ಹಲಗೆ ಒಂದೇ ಬಣ್ಣವೇ? ಕಂಬದ ಬುಡಕ್ಕೆ ಬೇರೆ ಪಟ್ಟೆಯಿತ್ತೇ? ನಾಮಫಲಕದ ಅಕ್ಷರ ತಿಳಿಯೋ, ಹಿನ್ನೆಲೆ ತಿಳಿಯೋ? ಈ ಪ್ರಶ್ನೆಗಳನ್ನು ಚಿತ್ರಕ್ಕೆ ಕೇಳಬೇಕು.

ಮೂರನೆಯ ಸಾಕ್ಷಿ: ಕಣ್ಣಾರೆ ಕಂಡವರು

ನಿಲ್ದಾಣದಲ್ಲಿ ದುಡಿದವರು, ಅಲ್ಲಿಂದ ದಿನವೂ ಶಾಲೆಗೆ ಹೋದವರು ಬದುಕಿದ್ದರೆ ಅವರನ್ನು ಕೇಳದೆ ಇರಬಾರದು. ಆದರೆ ನೆನಪು ಬಣ್ಣವನ್ನು ಇದ್ದುದಕ್ಕಿಂತ ಗಾಢವಾಗಿಸುತ್ತದೆ. ಮೇಲಾಗಿ ಹತ್ತು ವರ್ಷಗಳ ಅಂತರದ ಎರಡು ಬಣ್ಣಗಳನ್ನು ಒಂದಾಗಿ ಬೆಸೆಯುತ್ತದೆ. ‘ಯಾವ ಬಣ್ಣವಿತ್ತು?’ ಎಂದು ಕೇಳಿ ಬಿಡುವುದಕ್ಕಿಂತ, ಬಣ್ಣದ ಅಂಗಡಿಯ ಪಟ್ಟಿಯೊಂದನ್ನು ಮುಂದಿಟ್ಟು ಬೆರಳಿಟ್ಟು ತೋರಿಸಲು ಹೇಳುವುದು ಉತ್ತಮ. ‘ಆಗ ತಾವು ಎಷ್ಟನೆಯ ತರಗತಿಯಲ್ಲಿದ್ದಿರಿ?’ ಎಂದು ಕೇಳಿದರೆ ವರ್ಷ ತಾನಾಗಿ ಹೊರಬರುತ್ತದೆ. ಇಬ್ಬರನ್ನು ಒಟ್ಟಿಗೆ ಕೂರಿಸದೆ ಬೇರೆಬೇರೆಯಾಗಿ ಕೇಳಬೇಕು. ಒಟ್ಟಿಗೆ ಕೂತರೆ ದನಿ ದೊಡ್ಡದಾಗಿರುವವರ ನೆನಪೇ ಇಬ್ಬರದೂ ಆಗುತ್ತದೆ.

ನಾಲ್ಕನೆಯ ಸಾಕ್ಷಿ: ಬಣ್ಣವೇ

ಉಳಿದಿರುವುದು ಬಣ್ಣದ ಸ್ವಂತ ಹೇಳಿಕೆ. ಹಳೆಯ ಕಟ್ಟಡದ ಮೇಲೆ ಬಳಿದ ಬಣ್ಣಗಳು ಒಂದರ ಮೇಲೊಂದು ಪದರವಾಗಿ ಕುಳಿತಿರುತ್ತವೆ. ಪರಿಣತರು ಸೂಕ್ಷ್ಮವಾದ ಚೂರೊಂದನ್ನು ತೆಗೆದು, ರಾಳದಲ್ಲಿ ಹುದುಗಿಸಿ, ಅಡ್ಡಕ್ಕೆ ಉಜ್ಜಿ ನಯಗೊಳಿಸಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಕಡಿದ ಮರದ ಉಂಗುರಗಳಂತೆ ಪದರಗಳು ಅಲ್ಲಿ ಸಾಲಾಗಿ ಕಾಣುತ್ತವೆ. ಎರಡು ಪದರಗಳ ನಡುವೆ ಮಸಿಯ ಕಪ್ಪುಗೆರೆ ಇದ್ದರೆ, ಕೆಳಗಿನ ಬಣ್ಣ ಬಹುಕಾಲ ಹೊಗೆಗೆ ಮುಖವೊಡ್ಡಿ ನಿಂತಿತ್ತೆಂದು ಅರ್ಥ. ಗೆರೆ ಇಲ್ಲದಿದ್ದರೆ ಅವೆರಡೂ ಒಂದೇ ಸಲ ಬಳಿದ ಅಡಿಲೇಪ ಮತ್ತು ಮೇಲ್ಲೇಪ ಆಗಿರಬಹುದು. ಈ ಭೇದವನ್ನು ತಿಳಿಯದವರು ಯಾರ ಕಣ್ಣಿಗೂ ಬೀಳದಿದ್ದ ಅಡಿಲೇಪವನ್ನೇ ನಿಲ್ದಾಣದ ಬಣ್ಣವೆಂದು ಸಾರಿಬಿಡುವ ಅಪಾಯವಿದೆ.

ಈ ಸಾಕ್ಷಿಯೂ ಪಾಟೀಸವಾಲಿಗೆ ಹೊರತಲ್ಲ. ಅಗಸೆ ಎಣ್ಣೆ ಕತ್ತಲಲ್ಲಿದ್ದಷ್ಟೂ ಹಳದಿಗಟ್ಟುತ್ತದೆ. ಹಳೆಯ ಪದರ ಹೊಸ ಪದರದಡಿ ಇರುವುದೇ ಕತ್ತಲಲ್ಲಿ; ಹೀಗಾಗಿ ಅಂದು ಬಿಳಿಯಾಗಿದ್ದದ್ದು ಇಂದು ಕೆನೆಬಣ್ಣವಾಗಿ ಹೊರಬರುತ್ತದೆ. ಸೀಸದ ಬಿಳಿ ಕಲ್ಲಿದ್ದಲಿನ ಹೊಗೆಯಲ್ಲಿನ ಗಂಧಕದ ಅನಿಲದೊಡನೆ ಸೇರಿ ಕಪ್ಪಾಗುತ್ತದೆ. ಕ್ರೋಮ್ ಹಳದಿ ಕಾಲಕ್ರಮದಲ್ಲಿ ಕಂದುತ್ತದೆ. ಹಸಿರನ್ನು ಮಾಡಲು ಅದರೊಡನೆ ಪ್ರಷ್ಯನ್ ನೀಲಿಯನ್ನು ಬೆರೆಸುತ್ತಿದ್ದುದರಿಂದ ಆ ಹಸಿರೂ ಬದಲಾಗುತ್ತದೆ. ಬಿಸಿಲು-ಮಳೆ ತಾಕದ ಕಡೆ, ಅಂದರೆ ಹಳೆಯ ಸೂಚನಾಫಲಕದ ಹಿಂದೆ, ಬೀಗದ ತಗಡಿನಡಿ, ಮಾಡಿನ ಒಳಮಗ್ಗುಲಲ್ಲಿ ದೊರೆತ ಚೂರುಗಳು ಹೆಚ್ಚು ಪೂರ್ಣ. ಆದರೂ ಅವುಗಳ ಹಳದಿಛಾಯೆಯನ್ನು ಲೆಕ್ಕದಿಂದ ಕಳೆಯಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತು ಸೂಕ್ಷ್ಮದರ್ಶಕಕ್ಕೂ ಸಲ್ಲುತ್ತದೆ.

ಯಾವ ವರ್ಷದ ಬಣ್ಣ?

ನಾಲ್ವರು ಸಾಕ್ಷಿಗಳೂ ಒಂದೇ ಮಾತು ಹೇಳಿದರೂ ಒಂದು ಪ್ರಶ್ನೆ ಉಳಿಯುತ್ತದೆ. ‘ಮೂಲ ಬಣ್ಣ’ ಎಂದರೆ ಯಾವ ವರ್ಷದ್ದು? ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣ 1868ರಲ್ಲಿ ತೆರೆಯಿತು. ವಿಲಿಯಂ ಬಾರ್ಲೋ ರೂಪಿಸಿದ ಅದರ ಕಬ್ಬಿಣದ ಕಮಾನು ಸುಮಾರು 73 ಮೀಟರು ಅಗಲ. ಆ ಕಬ್ಬಿಣಕ್ಕೆ ಮೊದಲು ಕಂದುಬಣ್ಣವಿತ್ತು. ಕೆಲವು ವರ್ಷಗಳ ನಂತರ ಆಕಾಶನೀಲಿ ಬಂತು. ನಿಲ್ದಾಣವನ್ನು ನವೀಕರಿಸಿ 2007ರಲ್ಲಿ ಮತ್ತೆ ತೆರೆದಾಗ ಆರಿಸಿಕೊಂಡದ್ದು ಆಕಾಶನೀಲಿಯನ್ನು. ಎರಡೂ ಸತ್ಯವೇ; ಆದರೆ ಬೇರೆಬೇರೆ ಕಾಲದ ಸತ್ಯಗಳು.

ಇದನ್ನು ಚೆನ್ನಾಗಿ ಅರಿತವರು ಇಂಗ್ಲೆಂಡಿನ ಬ್ಲೂಬೆಲ್ ರೈಲ್ವೆಯ ಸ್ವಯಂಸೇವಕರು. 1960ರಿಂದ ಅವರು ನಡೆಸುತ್ತಿರುವ ಆ ಹಳೆಯ ಮಾರ್ಗದಲ್ಲಿ ಶೆಫೀಲ್ಡ್ ಪಾರ್ಕ್ ನಿಲ್ದಾಣ 1880ರ ದಶಕದಲ್ಲಿದೆ; ಹಾರ್ಸ್ಟೆಡ್ ಕೀನ್ಸ್ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿದೆ; ಕಿಂಗ್ಸ್‌ಕೋಟ್ 1950ರ ದಶಕದಲ್ಲಿದೆ. ಕೆಲವೇ ಮೈಲಿಗಳ ಪ್ರಯಾಣದಲ್ಲಿ ಬಣ್ಣ ಮತ್ತು ಫಲಕಗಳ ಮೂಲಕವೇ ಪ್ರಯಾಣಿಕರು ಎಪ್ಪತ್ತು ವರ್ಷಗಳನ್ನು ದಾಟುತ್ತಾರೆ. ರಾಷ್ಟ್ರೀಕರಣದ ನಂತರ ಬ್ರಿಟಿಷ್ ರೈಲ್ವೆ ಪ್ರತಿಯೊಂದು ವಲಯಕ್ಕೂ ಒಂದು ಬಣ್ಣ ಗೊತ್ತುಮಾಡಿತ್ತು: ದಕ್ಷಿಣಕ್ಕೆ ಹಸಿರು, ಪಶ್ಚಿಮಕ್ಕೆ ಚಾಕಲೇಟು ಕಂದು, ಸ್ಕಾಟ್ಲೆಂಡಿಗೆ ತಿಳಿನೀಲಿ, ಈಶಾನ್ಯಕ್ಕೆ ಕಿತ್ತಳೆ. ನಾಮಫಲಕದ ಬಣ್ಣವನ್ನು ನೋಡಿಯೇ ಚಿತ್ರ ಯಾವ ವಲಯದ್ದೆಂದು ಹೇಳಬಹುದು.

ಆದ್ದರಿಂದ ಮಾದರಿ ಕಟ್ಟುವವರ ಮೊದಲ ನಿರ್ಧಾರ ಬಣ್ಣವಲ್ಲ, ಇಸವಿ.

ಬಣ್ಣವನ್ನು ಬರೆದಿಡುವ ಬಗೆ

ಕಂಡುಕೊಂಡ ಬಣ್ಣವನ್ನು ಮತ್ತೊಬ್ಬರಿಗೆ ತಲುಪಿಸಲು ಹೆಸರು ಸಾಲದೆಂದು ಮೇಲೆ ಕಂಡಾಯಿತು. ಅಮೆರಿಕದ ಚಿತ್ರಕಾರ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಮೂರು ಅಳತೆಗಳಿವೆ: ಯಾವ ವರ್ಣ, ಎಷ್ಟು ತಿಳಿ ಅಥವಾ ಕಡು, ಎಷ್ಟು ತೀವ್ರ. ಈ ಮೂರನ್ನು ಬರೆದಿಟ್ಟರೆ ಬಣ್ಣ ಸಪ್ತಸಾಗರ ದಾಟಿದರೂ ಬದಲಾಗದು. ಹೋಲಿಸಿ ನೋಡುವುದು ಹಗಲಿನ ಬೆಳಕಿನಲ್ಲೇ ಆಗಬೇಕು. ಬಿಸಿಲಿನಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ಟ್ಯೂಬ್‌ಲೈಟಿನಡಿ ಬೇರೆಯಾಗಿ ಕಾಣುವುದುಂಟು. ಸೀರೆಯ ಅಂಗಡಿಯಲ್ಲಿ ಹೊಂದಿದ ರವಿಕೆ ಮನೆಗೆ ಬಂದ ಮೇಲೆ ಹೊಂದದಿರುವುದೂ ಇದೇ ಕಾರಣದಿಂದ.

ನಿಜವಾದ ಬಣ್ಣವನ್ನೇ ಕಿರುಮಾದರಿಗೆ ಬಳಿದರೆ ಅದು ಹೆಚ್ಚು ಕಡುವಾಗಿ ಕಾಣುತ್ತದೆಂಬುದು ಮಾದರಿಗಾರರ ಅನುಭವ. ದೂರದ ಬೆಟ್ಟ ಮಸುಕಾಗಿ ಕಾಣುವಂತೆ, ಕಟ್ಟಡವನ್ನು ದೂರದಿಂದ ನೋಡುವಾಗ ನಡುವಿನ ಗಾಳಿ ಬಣ್ಣವನ್ನು ತೆಳುಗೊಳಿಸುತ್ತದೆ; ಮೇಜಿನ ಮೇಲಿನ ಮಾದರಿಗೆ ಆ ದೂರವಿಲ್ಲ. ಅದಕ್ಕೆಂದೇ ಹಲವರು ತುಸು ಬಿಳಿ ಅಥವಾ ಬೂದು ಬೆರೆಸುತ್ತಾರೆ. ಹಾಗೆ ಬೆರೆಸಿದ್ದನ್ನು ಬರೆದಿಡುವುದು ಪ್ರಾಮಾಣಿಕರ ಲಕ್ಷಣ.

ನಮ್ಮ ಊರಿನ ನಿಲ್ದಾಣ

ಇಂಗ್ಲೆಂಡಿನವರ ಈ ಶ್ರದ್ಧೆಯಿಂದ ಗಡಿಯಾಚೆಯ ಕನ್ನಡ ಶಾಲೆಗಳಿಗೆ ಪ್ರಯೋಜನವೇನೆಂಬ ಪ್ರಶ್ನೆ ಏಳಬಹುದು. ಉತ್ತರ ಹತ್ತಿರದಲ್ಲೇ ಇದೆ. ಸೋಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. ನೀಲಗಿರಿಯ ಪರ್ವತ ರೈಲು 1899ರಲ್ಲಿ ಕೂನೂರನ್ನೂ 1908ರಲ್ಲಿ ಊಟಿಯನ್ನೂ ತಲುಪಿತು. 2005ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂತಹ ಪ್ರಸಿದ್ಧ ನಿಲ್ದಾಣಗಳಿಗೆ ಕಾವಲುಗಾರರಿದ್ದಾರೆ. ಸಣ್ಣಪುಟ್ಟ ನಿಲ್ದಾಣಗಳಿಗೆ ಇಲ್ಲ. ಅಮೃತ ಭಾರತ ಯೋಜನೆಯಡಿ 2023ರ ಆಗಸ್ಟ್ 6ರಂದು ಒಂದೇ ದಿನ ದೇಶದ 508 ನಿಲ್ದಾಣಗಳ ಪುನರಭಿವೃದ್ಧಿಗೆ ಶಂಕುಸ್ಥಾಪನೆಯಾಯಿತು. ಹೊಸ ಅನುಕೂಲಗಳು ಬೇಕಾದವೇ. ಆದರೆ ಹಳೆಯ ಬಾಗಿಲು, ಬೆಂಚು, ಫಲಕಗಳು ತೆಗೆಯಲ್ಪಟ್ಟ ದಿನವೇ ಅವುಗಳ ಮೇಲಿನ ಪದರಗಳೂ ಹೋಗುತ್ತವೆ. ಹಳದಿ ಫಲಕದ ಮೇಲೆ ಕಪ್ಪಕ್ಷರದಲ್ಲಿ ಊರಿನ ಹೆಸರು ಯಾವ ಯಾವ ಲಿಪಿಗಳಲ್ಲಿತ್ತು, ಯಾವ ಕ್ರಮದಲ್ಲಿತ್ತು ಎಂಬುದೂ ಅವುಗಳ ಜೊತೆಗೇ ಹೋಗಬಹುದು. ಕನ್ನಡ ಕುಟುಂಬಗಳಿಗೆ ಇದು ಬರಿಯ ಬಣ್ಣದ ವಿಷಯವಲ್ಲ. ನಾಳೆ ಯಾರಾದರೂ ಕೇಳಿದಾಗ ‘ಇತ್ತು’ ಎಂಬ ಮಾತಿಗಿಂತ ತಾರೀಖಿರುವ ಚಿತ್ರಕ್ಕೆ ತೂಕ ಹೆಚ್ಚು.

ಪ್ರೌಢಶಾಲೆಯ ಮಕ್ಕಳು ಇದನ್ನು ಒಂದು ವರ್ಷದ ಯೋಜನೆಯಾಗಿ ಮಾಡಬಹುದು. ನಿಲ್ದಾಣದ ಅಧಿಕಾರಿಗಳ ಒಪ್ಪಿಗೆ ಪಡೆದು, ಶಿಕ್ಷಕರ ಜೊತೆಯಲ್ಲಿ ಹೋಗಬೇಕು. ಅನುಮತಿಯಿಲ್ಲದೆ ರೈಲ್ವೆಯ ಆವರಣವನ್ನು ಹೊಗುವುದು 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನ ಪ್ರಕಾರ ಅಪರಾಧ. ಗೋಡೆ, ಬಾಗಿಲು, ಫಲಕಗಳ ಚಿತ್ರವನ್ನು ನೆರಳಿನಲ್ಲಿ, ಪಕ್ಕದಲ್ಲೊಂದು ಬಿಳಿ ಕಾಗದವನ್ನಿಟ್ಟು ತೆಗೆಯಬೇಕು. ಆ ಬಿಳಿಯನ್ನು ಆಧಾರವಾಗಿಟ್ಟುಕೊಂಡರೆ ಉಳಿದ ಬಣ್ಣಗಳನ್ನು ಮುಂದೆ ಸರಿಪಡಿಸಿಕೊಳ್ಳಬಹುದು. ಬಣ್ಣದ ಅಂಗಡಿಯ ಪಟ್ಟಿಯನ್ನು ಪಕ್ಕಕ್ಕೆ ಹಿಡಿದು, ಹೊಂದುವ ಬಣ್ಣದ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಮನೆಯ ಆಲ್ಬಮ್‌ಗಳಲ್ಲಿ ಮದುವೆಯ ದಿಬ್ಬಣ, ಯಾತ್ರೆ, ಬೀಳ್ಕೊಡುಗೆಯ ಚಿತ್ರಗಳ ಹಿನ್ನೆಲೆಯಲ್ಲಿ ನಿಲ್ದಾಣ ಅಡಗಿರುವುದುಂಟು. ಹಳೆಯ ನಕ್ಷೆಗಳಿಗಾಗಿ ಪಾಲಕರು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬಹುದು.

ಒಂದು ಎಚ್ಚರಿಕೆ ಅಗತ್ಯ. ಮಕ್ಕಳು ಎಲ್ಲಿಯೂ ಹಳೆಯ ಬಣ್ಣವನ್ನು ಕೆರೆಯಬಾರದು. ಅದು ಸಾರ್ವಜನಿಕ ಆಸ್ತಿಗೆ ಮಾಡುವ ಹಾನಿ ಮಾತ್ರವಲ್ಲ. ಹಳೆಯ ಬಣ್ಣದಲ್ಲಿನ ಸೀಸ ಮಕ್ಕಳ ಮಿದುಳಿಗೆ ವಿಷ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿನಲ್ಲಿ 90 ಪಾಲನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ನೋಡಬೇಕು, ಮುಟ್ಟಬಾರದು.

ಇವುಗಳನ್ನೆಲ್ಲ ಕೂಡಿಸಿದ ಮೇಲೆ ರಟ್ಟಿನ ನಿಲ್ದಾಣವೊಂದು ಶಾಲೆಯಲ್ಲಿ ಎದ್ದು ನಿಂತರೆ ಸಂತೋಷ. ಕಿರುರೈಲಿನ ಕಲೆಯನ್ನು ಕಣ್ಣಾರೆ ಕಾಣಬಯಸುವ ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದವರಿಗೆ ಪುಣೆಯಲ್ಲಿ ಜೋಶಿಯವರ ಕಿರುರೈಲು ಸಂಗ್ರಹಾಲಯವಿದೆ. ಆದರೆ ಮಾದರಿಗಿಂತ ಮುಖ್ಯವಾದುದು ಅದರ ತಳದಲ್ಲಿ ಅಂಟಿಸುವ ಒಂದು ಪುಟ. ಯಾವ ವರ್ಷದ ನಿಲ್ದಾಣ, ಬಾಗಿಲಿನ ಬಣ್ಣಕ್ಕೆ ಆಧಾರ ಯಾವುದು, ಫಲಕದ ಅಕ್ಷರಗಳಿಗೆ ಆಧಾರ ಯಾವುದು, ಯಾವುದು ಸಿದ್ಧವಾಗಿದೆ, ಯಾವುದು ಊಹೆ ಎಂಬುದನ್ನು ಅಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು, ತಾರೀಖು ಹಾಕಿ, ಮಾಡಿದ ಮಕ್ಕಳು ಸಹಿ ಮಾಡಬೇಕು. ರಟ್ಟು ಹತ್ತಾರು ವರ್ಷಗಳಲ್ಲಿ ಹಾಳಾದೀತು. ಆಧಾರಸಮೇತ ಬರೆದಿಟ್ಟ ಪುಟ ಉಳಿದರೆ ಮುಂದಿನ ತಲೆಮಾರು ನಿಲ್ದಾಣವನ್ನು ಅದೇ ಬಣ್ಣದಲ್ಲಿ ಮತ್ತೆ ಕಟ್ಟಿಕೊಳ್ಳಬಲ್ಲದು.